ಫ್ರೆಂಚರು 'ಉಯಿ', ಇಟಲಿಯವರು 'ಸಿ' ಅನ್ನುವುದು ಯಾಕೆ?

ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಮೂರೂ ಲ್ಯಾಟಿನ್ ಮಕ್ಕಳೇ ಆದರೆ 'ಹೌದು' ಅನ್ನೋಕೆ ಮಾತ್ರ ಯಾಕೆ ಬೇರೆ ಬೇರೆ ಪದ ಅಂತ ಕೇಳಿದ್ದೀರಿ. ತಾಯಿಯ ಹತ್ತಿರವೇ ಆ ಪದ ಇರಲಿಲ್ಲ, ಅದಕ್ಕೇ. ಮಕ್ಕಳು ತಮ್ಮ ತಮ್ಮ ದಾರಿ ನೋಡಿಕೊಂಡರು.

ರೋಮಿನವರು ಪ್ರಶ್ನೆಯಲ್ಲಿದ್ದ ಕ್ರಿಯಾಪದವನ್ನೇ ತಿರುಗಿಸಿ ಹೇಳುತ್ತಿದ್ದರು. ಬರ್ತೀಯಾ ಅಂದರೆ ಬರ್ತೀನಿ. ನಮಗೆ ಇದೇನೂ ಹೊಸದಲ್ಲ. "ಊಟ ಆಯ್ತಾ?" ಅಂದರೆ "ಆಯ್ತು" ಅನ್ನುತ್ತೇವೆ, "ಹೌದು" ಅಂದರೆ ಇವರಿಗೇನೋ ಸಿಟ್ಟು ಬಂದಿದೆ ಅನ್ಸುತ್ತೆ, ಅಲ್ವಾ? ಐರಿಷ್ ಭಾಷೆಯಲ್ಲಿ ಇವತ್ತಿಗೂ ಹೀಗೇ. ಅರ್ಥ ಆಯಿತಾ ಅಂತ ಕೇಳಿದರೆ "ತಿಗಿಮ್", ಅಂದರೆ ಅರ್ಥ ಆಗುತ್ತೆ.

ಕ್ರಿಯಾಪದ ಬೇಡ ಅನ್ನಿಸಿದಾಗ ರೋಮಿನವರು 'ಸಿಕ್' ಅನ್ನುತ್ತಿದ್ದದ್ದೂ ಉಂಟು. 'ಹಾಗೇ' ಅಂತ ಅರ್ಥ. ಇಟಾಲಿಯನ್ನಿನ 'ಸಿ', ಸ್ಪ್ಯಾನಿಷಿನ 'ಸಿ', ಪೋರ್ಚುಗೀಸಿನ 'ಸಿಂ' ಎಲ್ಲಾ ಅದರಿಂದ ಬಂದವು.

ಮಜಾ ಇರುವುದು ಫ್ರಾನ್ಸಿನಲ್ಲಿ. ಅಲ್ಲಿನವರು ಹಿಡಿದದ್ದು 'ಹೊಕ್' ಅನ್ನೋ ಪದ, ಅಂದರೆ 'ಇದು'. ದಕ್ಷಿಣದವರು ಅದನ್ನು 'ಒಕ್' ಮಾಡಿಕೊಂಡು ಅಷ್ಟಕ್ಕೇ ಬಿಟ್ಟರು. ಉತ್ತರದವರು ಅದಕ್ಕೆ ಸರ್ವನಾಮ ಸೇರಿಸಿದರು: 'ಇದನ್ನು ನಾನು', 'ಇದನ್ನು ಅವನು', ಅಂದರೆ 'ಮಾಡಿದೆ', 'ಮಾಡಿದ' ಅನ್ನುವುದನ್ನು ಕೇಳುವವರೇ ತುಂಬಿಕೊಳ್ಳಬೇಕು. ಬರಬರುತ್ತಾ 'ಹೊಕ್ ಇಲ್ಲೆ', 'ಇದನ್ನು ಅವನು' ಅನ್ನುವುದೊಂದೇ ಉಳಿದು ಎಲ್ಲರಿಗೂ ಎಲ್ಲದಕ್ಕೂ ಅದೇ ಆಯಿತು, ಅದು ಸವೆದು 'ಒಯಿಲ್', ಆಮೇಲೆ ಕೊನೆಯ 'ಲ್' ಉದುರಿ 'ಉಯಿ'. ಹಾಗಾಗಿ ಪ್ಯಾರಿಸ್ಸಿನ ಹುಡುಗಿ ಮದುವೆ ದಿನ "ಉಯಿ" ಅಂದರೆ, ಮೂಲದ ಲೆಕ್ಕದಲ್ಲಿ "ಇದನ್ನು ಅವನು" ಅಂತ ಜವಾಬ್ದಾರಿಯನ್ನು ಗಂಡಿನ ಮೇಲೆ ಹಾಕಿದ ಹಾಗೆ!

ಈ ವ್ಯತ್ಯಾಸ ಎಷ್ಟು ಎದ್ದು ಕಾಣುತ್ತಿತ್ತು ಅಂದರೆ, 1300ರ ದಶಕ ಶುರುವಾಗುವ ಹೊತ್ತಿಗೆ ಇಟಲಿಯ ಕವಿ ಡಾಂಟೆ ಈ ಭಾಷೆಗಳನ್ನು ವಿಂಗಡಿಸಿದ್ದೇ 'ಒಕ್' ಅನ್ನುವವರು, 'ಒಯಿಲ್' ಅನ್ನುವವರು, 'ಸಿ' ಅನ್ನುವವರು ಅಂತ. ದಕ್ಷಿಣ ಫ್ರಾನ್ಸಿನ ಲಾಂಗದಾಕ್ ಅನ್ನೋ ಹೆಸರಿನ ಅರ್ಥವೇ 'ಒಕ್ ಭಾಷೆ'. 2016ರಲ್ಲಿ ಫ್ರಾನ್ಸ್ ಪ್ರಾಂತ್ಯಗಳನ್ನು ಒಟ್ಟುಗೂಡಿಸಿದಾಗ ಟುಲೂಸ್ ಕಡೆಯ ಪ್ರಾಂತ್ಯಕ್ಕೆ ಇಟ್ಟ 'ಒಕ್ಸಿತನಿ' ಹೆಸರಿನೊಳಗೂ ಅದೇ 'ಒಕ್' ಕೂತಿದೆ. 'ಹೌದು' ಅನ್ನುವ ಪದದ ಮೇಲೆ ಒಂದು ಸೀಮೆಗೇ ಹೆಸರು!

ನಗುವ ಮೊದಲು ನಮ್ಮ 'ಹೌದು' ಕೂಡ ನೋಡಿ. ಹಳಗನ್ನಡದ 'ಅಪ್ಪುದು', ಆಮೇಲೆ 'ಅಹುದು', ಆಮೇಲೆ 'ಹೌದು'. ಅರ್ಥ 'ಆಗುವುದು'. ಫ್ರೆಂಚಿನವರು ಸರ್ವನಾಮ ಬಚ್ಚಿಟ್ಟರು, ನಾವು ಕ್ರಿಯಾಪದ ಬಚ್ಚಿಟ್ಟಿದ್ದೇವೆ.

ಫ್ರೆಂಚಿನಲ್ಲಿ 'ಸಿ' ಪೂರ್ತಿ ಸತ್ತಿಲ್ಲ. 'ಇಲ್ಲ' ಅಂತ ಕೇಳಿದ್ದಕ್ಕೆ ಎದುರಾಡಬೇಕಾದರೆ ಅದೇ ಬೇಕು. ನಾನು ಫ್ರೆಂಚ್ ಕಲಿಯುವಾಗ ಮೇಡಂ "ಹೋಮ್‌ವರ್ಕ್ ಮಾಡಿಲ್ವಾ?" ಅಂತ ಕೇಳಿದರು, ನಾನು ಕನ್ನಡದ ಅಭ್ಯಾಸದಲ್ಲಿ "ಉಯಿ" ಅಂದೆ, ಅಂದರೆ 'ಹೂಂ, ಮಾಡಿಲ್ಲ' ಅನ್ನೋ ಲೆಕ್ಕ. ಅವರು ಸುಮ್ನೆ ನನ್ನ ಮುಖ ನೋಡಿದರು. ಮಾಡಿಲ್ಲದಿದ್ದರೆ 'ನೋಂ', ಮಾಡಿದ್ದರೆ 'ಸಿ' ಅನ್ನಬೇಕಿತ್ತು. ಜರ್ಮನ್ನರಿಗೆ ಈ ಕೆಲಸಕ್ಕೆ 'ಡೊಖ್' ಇದೆ, ಸ್ವೀಡನ್ನಿನವರಿಗೆ 'ಯೂ'. ಇಂಗ್ಲಿಷಿನಲ್ಲೂ ಮೊದಲು 'ಯೇ', 'ಯೆಸ್' ಎರಡಕ್ಕೂ ಬೇರೆ ಬೇರೆ ಕೆಲಸ ಇತ್ತು, 'ನೇ', 'ನೋ'ಗಳಿಗೂ ಹಾಗೇ. 1532ರಲ್ಲಿ ಇಂಗ್ಲೆಂಡಿನ ಲೇಖಕ ಥಾಮಸ್ ಮೋರ್, ಬೈಬಲ್ ಅನುವಾದಿಸಿದ ಟಿಂಡೇಲ್ ಜೊತೆ ಜಗಳ ಆಡುವಾಗ 'ನೇ' ಇರಬೇಕಾದ ಕಡೆ 'ನೋ' ಹಾಕಿದ್ದೀಯ ಅಂತಲೂ ಒಂದು ತಪ್ಪು ಹಿಡಿದಿದ್ದ. ಈಗ 'ಯೆಸ್' ಒಂದೇ ಎಲ್ಲಾ ಕೆಲಸ ಮಾಡುತ್ತದೆ. ನನಗೆ ಕೇಳಿದರೆ ಅದು ನಷ್ಟವೇ.

ರೊಮೇನಿಯನ್ ಕೂಡ ಲ್ಯಾಟಿನ್ ಮಗುವೇ, ಆದರೆ ಅದು ಅಕ್ಕಪಕ್ಕದ ಸ್ಲಾವ್ ಜನರಿಂದ 'ದಾ' ಕಡ ತಂದುಕೊಂಡಿತು.

ಒಂದು ಎಚ್ಚರಿಕೆ: ಗ್ರೀಸಿಗೆ ಹೋದರೆ 'ನೆ' ಅಂದರೆ ಹೌದು. ಝೆಕ್ ಜನರು ಫೋನಿನಲ್ಲಿ "ನೊ, ನೊ" ಅನ್ನುತ್ತಿದ್ದರೆ ಬೈಯುತ್ತಿಲ್ಲ, ನೀವು ಹೇಳಿದ್ದಕ್ಕೆಲ್ಲಾ ಹೂಂಗುಡುತ್ತಿದ್ದಾರೆ.