ಮಗನನ್ನೂ ಕೂರಿಸಿಕೊಂಡು ಮಾತಾಡಿ

ಪತ್ರ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಮಗನಿಗೆ 22 ವರ್ಷ. ಹೈಸ್ಕೂಲಿನಲ್ಲಿದ್ದಾಗಿನಿಂದ ಫಿಟ್ಸ್ ಬರುತ್ತಿದೆ. ಮಾತ್ರೆ ಕೊಡಿಸುತ್ತಿದ್ದೇವೆ, ಆದರೂ ಆಗಾಗ ಬೀಳುತ್ತಾನೆ. ನಾವು ರೇಷ್ಮೆ ಸಾಕುವವರು. ಹೋದ ಎರಡು ಸಲವೂ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೇ ಬಿದ್ದ. ಊರಲ್ಲಿ ಯಾರಿಗೂ ಹೇಳಿಲ್ಲ. ಮದುವೆ ಮಾಡಿದರೆ ಸರಿಹೋಗುತ್ತದೆ ಅಂತ ನಮ್ಮ ಯಜಮಾನರು ಹೆಣ್ಣು ನೋಡುತ್ತಿದ್ದಾರೆ. ನನಗೆ ರಾತ್ರಿ ನಿದ್ದೆಯೇ ಇಲ್ಲ. ನಮ್ಮಂಥವರಿಗೆ ಸಹಾಯ ಎಲ್ಲಿ ಸಿಗುತ್ತದೆ? ಪಿಂಚಣಿ ಏನಾದರೂ ಬರುತ್ತದೆಯೇ?
– ಹೆಸರು ಬೇಡ ಎಂದಿರುವ ಒಬ್ಬ ತಾಯಿ

ಸಂಪಾದಕರ ಉತ್ತರ: ಅಮ್ಮಾ, ಎರಡು ಸಲವೂ ಹುಳು ಹಣ್ಣಾಗುವಾಗಲೇ ಬಿದ್ದ ಎಂದು ಬರೆದಿದ್ದೀರಲ್ಲ, ಆ ಸಾಲಿನಿಂದಲೇ ಶುರು ಮಾಡುತ್ತೇನೆ. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹುಳುಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಸರಿರಾತ್ರಿಯಲ್ಲೂ ಸೊಪ್ಪು ಹಾಕಬೇಕು. ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡುವ ದಿನವಂತೂ ಊಟಕ್ಕೂ ಹೊತ್ತುಗೊತ್ತಿಲ್ಲ. ಆಗ ನಿಮ್ಮ ಮಗನೂ ನಿದ್ದೆಗೆಟ್ಟಿರುತ್ತಾನೆ, ರಾತ್ರಿಯ ಮಾತ್ರೆ ಮರೆತಿರುತ್ತಾನೆ ಅಲ್ವಾ? ನಿದ್ದೆಗೆಡುವುದು, ಮಾತ್ರೆ ತಪ್ಪಿಸುವುದು, ಇವೆರಡೂ ಫಿಟ್ಸ್ ಮತ್ತೆ ಬರಲು ದೊಡ್ಡ ಕಾರಣಗಳು. ಇದು ಗಾಳಿಯೂ ಅಲ್ಲ, ಶಾಪವೂ ಅಲ್ಲ. ಮುಂದಿನ ಬೆಳೆಗೆ ಅವನನ್ನು ಹಗಲಿನ ಕೆಲಸಕ್ಕೆ ಹಾಕಿ. ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಲಿ.

ರಾತ್ರಿ ಸೊಪ್ಪು ಹಾಕಲು ಆಗ ಇನ್ನೊಬ್ಬರು ಬೇಕಾಗುತ್ತಾರೆ. ಮೈದುನನನ್ನೋ ಪಕ್ಕದ ಮನೆಯವರನ್ನೋ ಕರೆಯಬೇಕು. ಕರೆದರೆ ಯಾಕೆ ಅಂತ ಹೇಳಬೇಕಾಗುತ್ತದೆ. ಹೇಳಿ ಅಮ್ಮಾ. ಮುಚ್ಚಿಟ್ಟಿದ್ದರಿಂದ ನಿಮ್ಮ ಮನೆಗೆ ಆಗಿರುವ ನಷ್ಟ ಕಾಯಿಲೆಯಿಂದ ಆಗಿದ್ದಕ್ಕಿಂತ ಜಾಸ್ತಿ ಎಂದೇ ನನಗೆ ಅನಿಸುತ್ತದೆ. ನಿಮ್ಮ ಕಡೆ ತೋಟ ತೋಟಕ್ಕೂ ಕೃಷಿ ಹೊಂಡ ಇದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಜಾರಿದರೆ ಗಟ್ಟಿಮುಟ್ಟಾದವರಿಗೇ ಹತ್ತಿ ಬರಲು ಕಷ್ಟ. ಮೋಟಾರ್ ಹಾಕಲು ಅವನೊಬ್ಬನನ್ನೇ ಅತ್ತ ಕಳಿಸಬೇಡಿ. ರೇಷ್ಮೆ ಬಿಚ್ಚುವ ಕಡೆ ಕೆಲಸ ಸಿಕ್ಕರೂ ಗೂಡು ಬೇಯಿಸುವ ಬಿಸಿನೀರಿನ ಹತ್ತಿರ ಬೇಡ, ಗೂಡು ಆರಿಸುವ ಕೆಲಸ ಮಾಡಲಿ. ಬೈಕ್ ಸದ್ಯಕ್ಕೆ ಬೇಡವೇ ಬೇಡ. ಇದೆಲ್ಲ ಸುತ್ತಲಿನ ನಾಲ್ಕು ಜನಕ್ಕೆ ಗೊತ್ತಿದ್ದರೆ ತಾನೇ ನಡೆಯುವುದು?

ಅವನು ಬಿದ್ದಾಗ ಏನು ಮಾಡಬೇಕು ಅಂತಲೂ ಅವರಿಗೆ ಹೇಳಿಕೊಡಿ. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ತಲೆಯ ಕೆಳಗೆ ಟವೆಲ್ ಮಡಿಸಿ ಇಡಬೇಕು. ಕೈಯಲ್ಲಿ ಕಬ್ಬಿಣ, ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ಎಲ್ಲಾ ಸುಮ್ನೆ. ಬಾಯಿಗೆ ಚಮಚವನ್ನೂ ಹಾಕಬಾರದು, ನೀರನ್ನೂ ಬಿಡಬಾರದು. ಗಡಿಯಾರ ನೋಡುತ್ತಿರಬೇಕು. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಬೇಕು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರದ ತುಂಬ ಮಗನ ವಿಷಯವೇ ಇದೆ. ಅವನು ಏನು ಹೇಳುತ್ತಾನೆ ಎಂಬುದು ಮಾತ್ರ ಎಲ್ಲೂ ಇಲ್ಲ. 22 ವರ್ಷದ ಹುಡುಗ. ಮಾತ್ರೆ ತಗೊಂಡರೆ ಮಂಪರು ಬರುತ್ತದೆಯೋ, ನಾಚಿಕೆಯಾಗಿ ಬಿಡುತ್ತಾನೋ, ಬೀಳುವ ಮುಂಚೆ ಏನಾದರೂ ಸೂಚನೆ ಗೊತ್ತಾಗುತ್ತದೋ, ಇದು ಅವನಿಗೊಬ್ಬನಿಗೇ ಗೊತ್ತು. ಡಾಕ್ಟರ ಮುಂದೆ ಅವನೇ ಮಾತಾಡಲಿ. ಮಾತ್ರೆಯ ಡಬ್ಬಿ ಅವನ ಕೈಯಲ್ಲೇ ಇರಲಿ, ನೀವು ಒಂದು ಕಣ್ಣಿಟ್ಟಿದ್ದರೆ ಸಾಕು.

ಮದುವೆಯನ್ನೂ ಅವನನ್ನು ಕೇಳಿಯೇ ತೀರ್ಮಾನ ಮಾಡಿ. ಫಿಟ್ಸ್ ಇರುವವರು ಮದುವೆಯಾಗಿ ಮಕ್ಕಳು ಮರಿ ಮಾಡಿಕೊಂಡು ಚೆನ್ನಾಗಿ ಬದುಕುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ರದ್ದು ಮಾಡಿಸಲು ಮೂರ್ಛೆ ರೋಗವೂ ಒಂದು ಕಾರಣವಾಗಿತ್ತು, ಅದನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಆದರೆ ಮದುವೆ ಔಷಧಿಯಲ್ಲ. ಹೆಣ್ಣಿನ ಕಡೆಯವರಿಗೆ, ಮುಖ್ಯವಾಗಿ ಆ ಹುಡುಗಿಗೆ, ಮೊದಲೇ ಹೇಳಲೇಬೇಕು. ಹೇಳದೆ ಕರೆತಂದರೆ ಅದು ಆ ಹುಡುಗಿಗೆ ಮಾಡುವ ಮೋಸ. ನಿಮ್ಮ ಯಜಮಾನರಿಗೆ ಈ ಪುಟವನ್ನೇ ಓದಿ ಹೇಳಿ.

ಸಹಾಯ ಎಲ್ಲಿ ಎಂದು ಕೇಳಿದ್ದೀರಿ. ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆಯಲ್ಲೇ ಇದೆ. ಸರ್ಕಾರ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಸೇರಿ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಕಡೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಅಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಎಲ್ಲಿ ಅಂತ ಕೇಳಿ. ಬೇಕಾದರೆ ಅವರೇ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಸರಿಯಾದ ಮಾತ್ರೆ ತಪ್ಪದೆ ತಗೊಂಡರೆ 100ಕ್ಕೆ 70 ಜನರಿಗೆ ಫಿಟ್ಸ್ ನಿಲ್ಲಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತ್ರೆ ಬದಲಾಯಿಸುವುದು, ನಿಲ್ಲಿಸುವುದು ಏನಿದ್ದರೂ ಡಾಕ್ಟರೇ ಹೇಳಬೇಕು. ನಿಮಗೆ ನಿದ್ದೆ ಬಾರದ ರಾತ್ರಿ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಕೇಳುವ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪಿಂಚಣಿಯ ವಿಷಯದಲ್ಲಿ ಸುಳ್ಳು ಆಸೆ ಹುಟ್ಟಿಸಲಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಮೂರ್ಛೆ ರೋಗದ ಹೆಸರು ಬೇರೆಯಾಗಿ ಇಲ್ಲ. ಬೇರೆ ತೊಂದರೆಯೂ ಇದ್ದರೆ ದಾರಿ ಇರಬಹುದು, ಡಾಕ್ಟರನ್ನೇ ಕೇಳಿ.

ಹೋಗುವಾಗ ಹಳೆಯ ಚೀಟಿ, ಇಇಜಿ, ಸ್ಕ್ಯಾನ್ ಎಲ್ಲಾ ಒಂದು ಚೀಲಕ್ಕೆ ಹಾಕಿಕೊಳ್ಳಿ. ಯಾವ ದಿನ ಬಿದ್ದ, ಎಷ್ಟು ಹೊತ್ತು, ಹಿಂದಿನ ರಾತ್ರಿ ಮಲಗಿದ್ದನೇ, ಇಷ್ಟನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಈಗ ಮನೆಯಲ್ಲಿ ಹುಳು ಇದ್ದರೂ ಬೆಳೆ ಮುಗಿಯಲಿ ಎಂದು ಕಾಯಬೇಡಿ, ಈ ವಾರವೇ ಹೊರಡಿ.