ದೊಡ್ಡ ಲೂರ್‌ಗೆ ರಾಡ್ ತಗೊಳ್ಳೋ ಮೊದಲು ಆ ಲೂರನ್ನ ತೂಕಕ್ಕೆ ಹಾಕಿ

ನಿಮ್ಮ ಪ್ರಶ್ನೆ ನಂಗೆ ಅರ್ಥ ಆಗಿರೋದು ಇಷ್ಟು: ಸದ್ಯಕ್ಕೆ ನಿಮ್ಮ ಹತ್ರ 7 ಅಡಿ ಮೀಡಿಯಂ ಹೆವಿ (ಬಿಗಿತದಲ್ಲಿ ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ) ರಾಡು, 150 ಸೈಜಿನ ಬೇಟ್‌ಕಾಸ್ಟಿಂಗ್ ರೀಲು (ರಾಡಿನ ಮೇಲೆ ಕೂರೋ, ಲೈನ್ ಸುತ್ತೋ ಗಾಲಿ) ಇದೆ, ಇನ್ಮೇಲೆ ದೊಡ್ಡ ಬಾಸ್ ಮೀನು ಹಿಡಿಯೋಕೆ 6ರಿಂದ 10 ಇಂಚಿನ ಲೂರು (ಮೀನಿನ ಥರ ಕಾಣೋ ಕೃತಕ ಎರೆ), ಅಂದ್ರೆ ಈಜೋ ಥರದ ಸ್ವಿಮ್‌ಬೇಟು, ಎಡಕ್ಕೆ ಬಲಕ್ಕೆ ಹೊರಳೋ ಗ್ಲೈಡ್‌ಬೇಟು ಎಲ್ಲಾ ಎಸೀಬೇಕು ಅಂತಿದ್ದೀರ, ಅದಕ್ಕೆ ಯಾವ ರಾಡು, ಯಾವ ರೀಲು, ಒಂದೇ ಸೆಟ್ಟಲ್ಲಿ ಮುಗಿಯತ್ತಾ ಅಂತ. ಎಲ್ಲಾನೂ ಒಂದೇ ಸೆಟ್ಟಲ್ಲಿ ಆಗಲ್ಲ. ಮುಕ್ಕಾಲು ಭಾಗ ಖಂಡಿತ ಆಗತ್ತೆ, ಆ ಮುಕ್ಕಾಲು ಯಾವುದು ಅಂತ ನೀವೇ ಮೊದಲು ತೀರ್ಮಾನ ಮಾಡ್ಕೋಬೇಕು.

ಹೊಸಬರು ಜಾಸ್ತಿ ಜನ ಯೋಚನೆ ಮಾಡೋ ರೀತಿ ಹೇಗಿರತ್ತೆ ಅಂದ್ರೆ, ದೊಡ್ಡ ಮೀನು ಬರತ್ತೆ, ಅದಕ್ಕೆ ಗಟ್ಟಿ ರಾಡು ಬೇಕು ಅಂತ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಲಾರ್ಜ್‌ಮೌತ್ ಬಾಸ್‌ನ ವಿಶ್ವದಾಖಲೆ 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸಿನ ಮೀನು, 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದಿದ್ದು ಅದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ತೂಗಿದ್ದಕ್ಕೆ ಎರಡನ್ನೂ ಸಮ ಅಂತ ಇಟ್ಟಿದ್ದಾರೆ. ಅಂದ್ರೆ ದಾಖಲೆ ಮೀನೇ ಹತ್ತು ಕಿಲೋ ಚಿಲ್ಲರೆ. ನಮಗೆ ಸಿಗೋದು ಎರಡು ಕಿಲೋ, ಮೂರು ಕಿಲೋ, ಐದು ಕಿಲೋ ಸಿಕ್ರೆ ಜೀವನ ಪೂರ್ತಿ ನೆನಪಲ್ಲಿರೋ ದಿನ. ಆ ತೂಕದ ಮೀನನ್ನ ನಿಮ್ಮ ಈಗಿನ ರಾಡೇ ಆರಾಮಾಗಿ ಎಳೆದು ತರತ್ತೆ. ಅದರ ಕೈಲಿ ಆಗದೇ ಇರೋದು ಲೂರನ್ನ ಎಸೆಯೋದು. ಮಾಮೂಲಿ ಬಾಸ್ ಲೂರು ಅರ್ಧ ಔನ್ಸು, 14 ಗ್ರಾಂ, ದೊಡ್ಡ ಸ್ವಿಮ್‌ಬೇಟು 5 ಔನ್ಸು, ಅಂದ್ರೆ 140 ಗ್ರಾಂ ಮೇಲೆ, ಹತ್ತು ಪಟ್ಟು. ದಿನಕ್ಕೆ ನೂರಾರು ಸಲ ಅದನ್ನ ಎತ್ತಿ ಎಸೆಯೋ ಕೆಲಸಕ್ಕೆ ರಾಡಿಗೆ ಬಲ ಬೇಕು, ಮೀನಿನ ವಿಷಯ ಆಮೇಲೆ ಬರತ್ತೆ.

ಅದಕ್ಕೇ ಮೊದಲು ಮಾಡಬೇಕಾಗಿರೋದು, ನೀವು ನಿಜವಾಗಲೂ ಎಸೀಬೇಕು ಅಂತಿರೋ ಲೂರ್‌ಗಳನ್ನ ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲಿಟ್ಟು ಹುಕ್ಕು ರಿಂಗು ಎಲ್ಲಾ ಸೇರಿಸಿ ತೂಕ ನೋಡೋದು. ಇಂಚು ನೋಡಿ ಮೋಸ ಹೋಗ್ಬೇಡಿ, ಉದ್ದಕ್ಕೂ ತೂಕಕ್ಕೂ ನೇರ ಸಂಬಂಧ ಇಲ್ಲ. ರಿವರ್‌ಟುಸೀ ಎಸ್‌ವೇವರ್ 168 ಅನ್ನೋ ಲೂರು ಆರೂವರೆ ಇಂಚಿದ್ರೂ ಒಂದೂವರೆ ಔನ್ಸಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಗ್ಯಾನ್‌ಕ್ರಾಫ್ಟ್ ಜಾಯಿಂಟೆಡ್ ಕ್ಲಾ 178 ಸುಮಾರು 2 ಔನ್ಸು, ಅದೇ 8 ಇಂಚಿನ ಹಡಲ್‌ಸ್ಟನ್ ಟ್ರೌಟ್ 5 ಔನ್ಸ್ ಹತ್ರ ಹೋಗತ್ತೆ, ಡೆಪ್ಸ್ ಸ್ಲೈಡ್ ಸ್ವಿಮ್ಮರ್ 250 ಅದಕ್ಕಿಂತಾನೂ ಭಾರ. ನಿಮ್ಮ ಪಟ್ಟಿಯಲ್ಲಿರೋದು ಒಂದೂವರೆಯಿಂದ ಎರಡು ಔನ್ಸಿನವೇ ಆದ್ರೆ ಒಂದು ದಾರಿ, ಎರಡರಿಂದ ನಾಲ್ಕು ಔನ್ಸಿನವಾದ್ರೆ ಇನ್ನೊಂದು, ಐದು ದಾಟಿದ್ರೆ ಅದಕ್ಕೇ ಅಂತ ಬೇರೆ ರಾಡೇ ಬೇಕು.

ರಾಡ್ ಮೇಲೆ ಬರೆದಿರೋ ಲೂರ್ ತೂಕಾನ ಕಣ್ಣುಮುಚ್ಚಿ ನಂಬಬೇಡಿ, ಅದಕ್ಕೆ ಎಲ್ಲಾ ಕಂಪನಿಗಳಿಗೂ ಅನ್ವಯಿಸೋ ಒಂದು ಅಳತೆ ಅಂತ ಇಲ್ಲ, ಒಬ್ಬರ ಹೆವಿ ಇನ್ನೊಬ್ಬರ ಎಕ್ಸ್‌ಟ್ರಾ ಹೆವಿ. 2ರಿಂದ 6 ಔನ್ಸು ಅಂತ ಬರೆದಿದ್ರೆ ನಾನು ಅದನ್ನ 3, 4 ಔನ್ಸಿನ ರಾಡು ಅಂತ ಓದ್ಕೋತೀನಿ. ಬರೆದಿರೋದ್ರಲ್ಲಿ ಕಮ್ಮಿ ತೂಕದ ಲೂರ್ ಹಾಕಿದ್ರೆ ರಾಡ್ ಬಾಗೋದೇ ಇಲ್ಲ, ಎಸೆತದ ಬಲ ಎಲ್ಲಾ ನಿಮ್ಮ ಭುಜದಿಂದಾನೇ ಬರಬೇಕಾಗತ್ತೆ, ಜಾಸ್ತಿ ತೂಕದ್ದು ಹಾಕಿದ್ರೆ ಪ್ರತಿ ಕಾಸ್ಟಲ್ಲೂ (ಎಸೆತದಲ್ಲೂ) ರಾಡಿನ ತುದಿ ಜೋತುಬಿದ್ದು ಲೂರು ಎಲ್ಲೋ ಹೋಗತ್ತೆ.

ಉದ್ದ 7 ಅಡಿ 6 ಇಂಚಿಂದ 8 ಅಡಿ. ದಡದಲ್ಲಿ ನಿಂತು ಹಿಡಿಯೋರಾದ್ರೆ 8ಕ್ಕೆ ಹೋಗಿ, ದೋಣಿಯಲ್ಲಿ ಕೂತು ಎಸೆಯೋರಾದ್ರೆ ಸ್ವಲ್ಪ ಗಿಡ್ಡ ಇದ್ರೂ ನಡೆಯತ್ತೆ. ಇದಕ್ಕಿಂತ ಮುಖ್ಯ ಹಿಡಿಯ ಉದ್ದ. ಇದು ಮಣಿಕಟ್ಟು ತಿರುಗಿಸಿ ಎಸೆಯೋ ಕೆಲಸ ಅಲ್ಲ, ಎರಡೂ ಕೈ ಹಾಕಿ, ಮೇಲಿನ ಕೈ ತಳ್ಳತ್ತೆ ಕೆಳಗಿನ ಕೈ ಎಳೆಯತ್ತೆ, ಹಾಗೆ ಬೀಸಬೇಕು, ಹಿಡಿ ಗಿಡ್ಡ ಇದ್ರೆ ಆ ಸನ್ನೆಕೋಲಿನ ಬಲ ಸಿಗಲ್ಲ, ಸಂಜೆ ಹೊತ್ತಿಗೆ ಮೊಣಕೈ ಹಿಡ್ಕೊಳತ್ತೆ.

ಇನ್ನು ಆಕ್ಷನ್, ಅಂದ್ರೆ ರಾಡ್ ಎಲ್ಲಿಂದ ಬಾಗತ್ತೆ ಅನ್ನೋದು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ನಾನು ಮೀನುಗಳನ್ನ ಕಳ್ಕೊಂಡು ಕಲಿತಿದ್ದು ಇದನ್ನ. ನಾನು ಶುರು ಮಾಡಿದಾಗ ಅಂಗಡಿಯೊಂದರಲ್ಲಿ ಫ್ಲಿಪ್ಪಿಂಗ್ ರಾಡೇ (ಹತ್ತಿರದ ಪೊದೆಗಳ ಮಧ್ಯೆ ಲೂರ್ ಇಳಿಸೋಕೆ ಮಾಡಿರೋ ರಾಡು) ಸಾಕು, ಅದೂ ಹೆವಿನೇ ಅಲ್ವಾ ಅಂದ್ರು, ತಗೊಂಡೆ. ಕೋಲಿನ ಥರ ಬಿಗಿ, ತುದಿಯ ಅರ್ಧ ಅಡಿ ಮಾತ್ರ ಬಾಗೋದು. ಲೂರು ದೂರ ಹೋಗ್ತಿರಲಿಲ್ಲ, ಅದು ಹೋಗಲಿ ಅಂದ್ರೆ, ಆ ಸೀಸನ್ನಲ್ಲಿ ಗ್ಲೈಡ್‌ಬೇಟಿಗೆ ಕಚ್ಚಿದ ಮೂರು ಒಳ್ಳೆ ಮೀನು ದೋಣಿ ಹತ್ರ ಬಂದು ನೀರಿಂದ ಮೇಲೆ ನೆಗೆದು ತಲೆ ಒದರಿ ಹುಕ್ ಕಿತ್ಕೊಂಡು ಹೋದವು. ಆಮೇಲೆ ಕಾರಣ ತಿಳೀತು. ದೊಡ್ಡ ಲೂರಿನ ತೂಕಾನೇ ಮೀನಿಗೆ ಸಹಾಯ ಮಾಡತ್ತೆ, ತಲೆ ಒದರಿದಾಗ ನೂರು ಗ್ರಾಂ ಬಾಯಿ ಪಕ್ಕದಲ್ಲಿ ಸುತ್ತಿಗೆ ಥರ ಆ ಕಡೆ ಈ ಕಡೆ ಬೀಸಿ ಹುಕ್ಕಿನ ತೂತನ್ನ ಅಗಲ ಮಾಡತ್ತೆ, ಅಷ್ಟರಲ್ಲಿ ಒಂದು ಕ್ಷಣ ಲೈನ್ ಸಡಿಲ ಆದ್ರೂ ಮುಗೀತು. ಮಧ್ಯದವರೆಗೂ ಬಾಗೋ ರಾಡಾದ್ರೆ ಆ ಸಡಿಲಾನ ಅದೇ ತಗೊಂಡು ಲೈನನ್ನ ಬಿಗಿಯಾಗೇ ಇಟ್ಟಿರತ್ತೆ. ಅದಕ್ಕೇ ಟ್ರೆಬಲ್ ಹುಕ್ (ಮೂರು ಮೊನೆಯ ಕೊಕ್ಕೆ) ಇರೋ ಗ್ಲೈಡ್‌ಬೇಟು ಗಟ್ಟಿ ಸ್ವಿಮ್‌ಬೇಟುಗಳಿಗೆ ಮಾಡರೇಟ್ (ಮಧ್ಯದವರೆಗೂ ಬಾಗೋದು) ಇಲ್ಲಾ ಮಾಡರೇಟ್ ಫಾಸ್ಟ್ (ಅದಕ್ಕಿಂತ ಸ್ವಲ್ಪ ಮೇಲಿಂದ ಬಾಗೋದು) ತಗೊಳ್ಳಿ. ಬೆನ್ನಿನ ಮೇಲೆ ಒಂದೇ ದಪ್ಪ ಹುಕ್ ಇರೋ ರಬ್ಬರ್ ಟ್ರೌಟ್ (ಟ್ರೌಟ್ ಮೀನಿನ ಆಕಾರದ ಲೂರು) ಥರದವು ಬೇರೆ ಜಾತಿ, ದಪ್ಪ ತಂತಿಯ ಹುಕ್ಕು ಮೇಲ್ದವಡೆಗೆ ಇಳೀಬೇಕು, ಅಲ್ಲಿ ಬುಡದಲ್ಲಿ ಬಲ ಇರೋ ಎಕ್ಸ್‌ಟ್ರಾ ಹೆವಿ, ಫಾಸ್ಟ್ (ತುದಿ ಹತ್ರ ಬಾಗೋ) ಕಡೆಗಿರೋ ರಾಡೇ ಸರಿ. ಒಂದೇ ಸೆಟ್ಟಲ್ಲಿ ಎಲ್ಲಾ ಆಗಲ್ಲ ಅಂತ ಮೇಲೆ ಹೇಳಿದ್ದು ಇದಕ್ಕೇ.

ರೀಲ್ ವಿಷಯಕ್ಕೆ ಬಂದ್ರೆ, ನಿಮ್ಮ 150 ಸೈಜು ಒಂದೂವರೆ ಔನ್ಸಿನ ಲೂರಿಗೆ ಓಕೆ, ಮೇಲಕ್ಕೆ ಬೇಡ. ಮುರಿದು ಹೋಗತ್ತೆ ಅಂತ ಅಲ್ಲ. 25 ಪೌಂಡ್ ಭಾರ ತಡೆಯೋ ಮೋನೋ (ಒಂದೇ ಎಳೆಯ ನೈಲಾನ್ ಲೈನ್) ಸುತ್ತಿದ್ರೆ ಆ ಸಣ್ಣ ಸ್ಪೂಲಲ್ಲಿ (ಲೈನ್ ಸುತ್ತೋ ಉರುಳೆಯಲ್ಲಿ) ಲೈನ್ ಜಾಸ್ತಿ ಹಿಡಿಯಲ್ಲ, ಒಂದು ಉದ್ದ ಕಾಸ್ಟಾದ್ರೆ ಸ್ಪೂಲಿನ ತಳ ಹತ್ರ ಬರತ್ತೆ, ಸುತ್ತಳತೆ ಕಮ್ಮಿ ಆಗಿ ಒಂದು ಸುತ್ತಿಗೆ ಬರೋ ಲೈನೂ ಕಮ್ಮಿ ಆಗತ್ತೆ, ಸರಿಯಾಗಿ ದೂರದಲ್ಲಿ ಮೀನು ಕಚ್ಚಿದಾಗಲೇ. 300 ಇಲ್ಲಾ 400 ಸೈಜು ನೋಡಿ. ಶಿಮಾನೋ ಟ್ರ್ಯಾಂಕ್ಸು, ಡೈವಾ ಲೆಕ್ಸಾ ಎರಡೂ ಈ ಕೆಲಸಕ್ಕೆ ಜನ ಜಾಸ್ತಿ ಬಳಸೋವು, ಹಳೇ ದುಂಡನೆ ಕಲ್ಕಟ್ಟಾ 400 ಯಾರ ಹತ್ರಾದ್ರೂ ಇದ್ರೆ ಅದೂ ಚೆನ್ನಾಗೇ ನಡೆಯತ್ತೆ, ಸ್ವಲ್ಪ ಭಾರ.

ಗೇರ್ ರೇಶಿಯೋ ಬಗ್ಗೆ ತುಂಬಾ ಗೊಂದಲ ಇದೆ. 7.4:1 ಅಂದ್ರೆ ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ 7.4 ಸುತ್ತು, ಅಷ್ಟೇ, ಎಷ್ಟು ಲೈನ್ ಬರತ್ತೆ ಅನ್ನೋದು ಸ್ಪೂಲಿನ ಗಾತ್ರಾನೂ ಸೇರಿ ಬರೋ ಲೆಕ್ಕ. 34 ಮಿಲಿಮೀಟರ್ ಸ್ಪೂಲು 7.4:1 ಇದ್ರೆ ತುಂಬಿದ ಸ್ಪೂಲಲ್ಲಿ ಒಂದು ಸುತ್ತಿಗೆ ಸುಮಾರು 31 ಇಂಚು, 43 ಮಿಲಿಮೀಟರ್ ಸ್ಪೂಲು 5.8:1 ಇದ್ರೂ ಅದೇ 31 ಇಂಚು. ಆದ್ರೆ ಎರಡನೇದು ದೊಡ್ಡ ಲೂರಿನ ನೀರಿನ ತಡೆಯನ್ನ ಸುಖವಾಗಿ ಎಳೆಯತ್ತೆ, ದೊಡ್ಡ ಗೇರು, ಉದ್ದ ಹ್ಯಾಂಡಲು, ದಪ್ಪ ಹಿಡಿಗುಬ್ಬಿ ಇರತ್ತಲ್ಲ. ಅದಕ್ಕೆ ಡಬ್ಬಿ ಮೇಲೆ ಒಂದು ಸುತ್ತಿಗೆ ಎಷ್ಟು ಇಂಚು ಅಂತ ಬರೆದಿರೋದನ್ನ ನೋಡಿ. ತಳದಲ್ಲಿ ನಿಧಾನವಾಗಿ ಎಳೆಯೋ ರಬ್ಬರ್ ಸ್ವಿಮ್‌ಬೇಟಿಗೆ ಕಮ್ಮಿ ಇಂಚಿನದು ಒಳ್ಳೇದು, ಜೋರಾಗಿರೋ ರೀಲು ಹಾಕ್ಕೊಂಡು ನಿಧಾನ ಸುತ್ತೀನಿ ಅಂದ್ರೂ ಕೈ ಕೇಳಲ್ಲ, ತಾನಾಗೇ ಸ್ಪೀಡ್ ಆಗತ್ತೆ. ಗ್ಲೈಡ್‌ಬೇಟನ್ನ ಹ್ಯಾಂಡಲಿನ ಅರ್ಧ ಸುತ್ತು, ಕಾಲು ಸುತ್ತಲ್ಲಿ ಎಡಕ್ಕೆ ಬಲಕ್ಕೆ ಹೊರಳಿಸೋರು 7ರ ಮೇಲಿನ ರೇಶಿಯೋ ಇಷ್ಟಪಡ್ತಾರೆ, ನಾನೂ ಹಾಗೇ, ಮಧ್ಯೆ ಉಳಿಯೋ ಸಡಿಲ ಲೈನನ್ನ ಬೇಗ ಎತ್ಕೋಬಹುದು.

ಲೈನು: ಶುರುವಲ್ಲಿ 25 ಪೌಂಡ್ ಮೋನೋ ಇಲ್ಲಾ ಕೋಪಾಲಿಮರ್ (ಎರಡು ಥರದ ನೈಲಾನ್ ಬೆರೆಸಿದ ಲೈನ್) ಹಾಕಿ. ಮೋನೋ ಸ್ವಲ್ಪ ಹಿಗ್ಗತ್ತೆ, ನೀರಲ್ಲಿ ಬೇಗ ಮುಳುಗಲ್ಲ, ಮೇಲ್ಮಟ್ಟದ ಗ್ಲೈಡ್‌ಬೇಟಿಗೆ ಅದೇ ಬೇಕಾಗಿರೋದು. ಆಳಕ್ಕೆ ಇಳಿಸೋ ಲೂರಾದ್ರೆ ಫ್ಲೋರೋಕಾರ್ಬನ್ ಲೈನ್, ಅದು ಮುಳುಗತ್ತೆ. ಬ್ರೇಡು (ಹಲವು ಎಳೆ ಹೆಣೆದ ಲೈನ್) ಹಾಕೋರು 65, 80 ಪೌಂಡು ಹಾಕ್ತಾರೆ, ಆದ್ರೆ ಬ್ರೇಡ್ ಹಿಗ್ಗಲ್ಲ, ಎಸೆತದ ಮಧ್ಯೆ ಸ್ಪೂಲ್ ಸಿಕ್ಕಾಕೊಂಡ್ರೆ ಆ ಜರ್ಕನ್ನ ತಗೊಳ್ಳೋಕೆ ಏನೂ ಇರಲ್ಲ, ಲೈನ್ ಕಿತ್ತು ಲೂರು ಬಂದೂಕಿನ ಗುಂಡಿನ ಥರ ಹೋಗಿಬಿಡತ್ತೆ. ನನಗೆ ಇದು ಸಣ್ಣ ರೀಲಲ್ಲಿ ಬ್ರೇಕ್ (ಸ್ಪೂಲ್ ತಿರುಗೋ ವೇಗ ತಡೆಯೋದು) ಸಡಿಲ ಬಿಟ್ಟಿದ್ದಾಗ ಆಗಿದೆ, ಆರು ತಿಂಗಳು ಕಾದು ತರಿಸಿದ ಲೂರು, ಎರಡನೇ ಕಾಸ್ಟಿಗೇ ನೀರು ಪಾಲು, ಇವತ್ತಿಗೂ ಬೇಜಾರಾಗತ್ತೆ. ಅದಕ್ಕೆ ಮೊದಲ ವಾರ ಬ್ರೇಕ್ ಜಾಸ್ತಿನೇ ಇಡಿ, ರಾಡ್ ತುದಿಯಿಂದ ಲೂರನ್ನ ಎರಡು ಅಡಿ ಇಳಿಬಿಟ್ಟು, ಜೋರಾಗಿ ಹೊಡೀದೆ ನಿಧಾನವಾಗಿ ಬೀಸಿ ಕಳಿಸಿ, ಹೆಬ್ಬೆರಳು ಸ್ಪೂಲ್ ಮೇಲೆ ಇರಲಿ. ಬೀಸೋ ಮೊದಲು ಹಿಂದೆ ತಿರುಗಿ ನೋಡೋದನ್ನ ಒಂದು ಸಲಾನೂ ಮರೀಬೇಡಿ, ನೂರೈವತ್ತು ಗ್ರಾಂ ಲೂರು, ಎರಡು ಟ್ರೆಬಲ್ ಹುಕ್ಕು, ಪಕ್ಕದಲ್ಲಿರೋರ ಮುಖಕ್ಕೆ ಬಿದ್ರೆ ಏನಾಗತ್ತೆ ಅಂತ ನಾನು ಹೇಳಬೇಕಾಗಿಲ್ಲ.

ನಾನು ನಿಮ್ಮ ಜಾಗದಲ್ಲಿದ್ರೆ ಈಗಿರೋ ಸೆಟ್ಟನ್ನ ಮಾರೋಕೆ ಹೋಗದೆ ಒಂದೂವರೆ ಔನ್ಸಿನವರೆಗಿನ ಲೂರಿಗೆ ಇಟ್ಕೊಂಡು, ಹೊಸದಾಗಿ 7 ಅಡಿ 9 ಇಂಚು ಇಲ್ಲಾ 8 ಅಡಿಯ ಹೆವಿ, ಮಾಡರೇಟ್ ಫಾಸ್ಟ್ ರಾಡು, 300 ಸೈಜಿನ ರೀಲು ತಗೊಂಡು ಎರಡರಿಂದ ನಾಲ್ಕು ಔನ್ಸಿನ ಲೂರುಗಳನ್ನೇ ಒಂದು ವರ್ಷ ಎಸೀತಿದ್ದೆ. ದುಡ್ಡು ಕಮ್ಮಿ ಇದ್ರೆ ರಾಡಲ್ಲಿ ಉಳಿಸಿ, ರೀಲಲ್ಲಿ ಬೇಡ. ಸಾಧಾರಣ ರಾಡು ಸ್ವಲ್ಪ ಭಾರ ಇರಬಹುದು ಅಷ್ಟೇ, ಲೂರು ಎಸೆಯತ್ತೆ, ಗೇರು ಸವೆದ ರೀಲು ಮಾತ್ರ ಪ್ರತಿ ಸುತ್ತಲ್ಲೂ ಕೈಗೆ ಗೊತ್ತಾಗತ್ತೆ.

ಅಂಗಡಿಗೆ ಹೋಗೋವಾಗ ನಿಮ್ಮ ಲೂರಲ್ಲಿ ಒಂದನ್ನ ಹುಕ್ಕು ಬಿಚ್ಚಿ ಜೇಬಲ್ಲಿ ಹಾಕ್ಕೊಂಡು ಹೋಗಿ, ರಾಡಿಗೆ ನಿಮ್ಮ ರೀಲ್ ಕೂರಿಸಿ, ತುದಿಗೆ ಲೂರ್ ನೇತುಹಾಕಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಮೇಲಿನ ಮೂರನೇ ಒಂದು ಭಾಗ ಬಾಗಿ ವಾಪಸ್ ಬಂದ್ರೆ ಸರಿ ಇದೆ, ಬರೀ ತುದಿ ತಲೆ ಅಲ್ಲಾಡಿಸ್ತಿದ್ರೆ ರಾಡ್ ಬಿಗಿ, ಹಿಡಿ ಹತ್ರದವರೆಗೂ ಬಾಗ್ತಿದ್ರೆ ಆ ಲೂರಿಗೆ ಅದು ಸಾಲಲ್ಲ. ತೂಕ ಹಾಕಿದ್ಮೇಲೆ ಯಾವ ಲೂರು ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೀರಿ, ಅದಕ್ಕೆ ಸರಿಹೋಗೋ ರಾಡ್ ಯಾವುದು ಅಂತ ಹೇಳ್ತೀನಿ.