ವಿಯೆಟ್ನಾಂ: ಇಂಗ್ಲಿಷ್ ಕಡ್ಡಾಯ ಅಲ್ಲ, ಹಾಗಂತ ಬಿಡೋ ಹಾಗೂ ಇಲ್ಲ

ವಿಯೆಟ್ನಾಂನಲ್ಲಿ ಹನ್ನೆರಡನೇ ತರಗತಿಯ ಅಂತಿಮ ಪರೀಕ್ಷೆಗೆ ಇಂಗ್ಲಿಷ್ ಕಡ್ಡಾಯ ಅಲ್ಲದ ಮೇಲೆ, ಇಂಗ್ಲಿಷ್ ಎಷ್ಟು ಬರುತ್ತೆ ಅಂತ ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆ ಐಇಎಲ್‌ಟಿಎಸ್‌ಗೆ ಯಾಕೆ ಅಷ್ಟು ನೂಕುನುಗ್ಗಲು ಅಂತ ಕೇಳಿದ್ದೀರಿ.

2025ರಿಂದ ಕಡ್ಡಾಯ ಇರೋದು ಗಣಿತ, ಸಾಹಿತ್ಯ ಮಾತ್ರ. ಇನ್ನೆರಡು ವಿಷಯ ಮಕ್ಕಳ ಆಯ್ಕೆ. ವಿದೇಶಿ ಭಾಷೆ ಆ ಪಟ್ಟಿಯಲ್ಲಿದೆ. ಇಂಗ್ಲಿಷ್ ಪತ್ರಿಕೆಗೆ 50 ನಿಮಿಷ, 40 ಬಹು ಆಯ್ಕೆ ಪ್ರಶ್ನೆ, ಒಂದಕ್ಕೆ 0.25 ಅಂಕ. ಉಚ್ಚಾರಣೆಯ ಬಿಡಿ ಪ್ರಶ್ನೆಗಳು ಹೋಗಿ ಕರಪತ್ರ, ಪ್ರಕಟಣೆಯಂಥ ಪಠ್ಯಗಳು ಬಂದಿವೆ. ಆದರೆ ಆಲಿಸುವುದೂ ಇಲ್ಲ, ಮಾತಾಡುವುದೂ ಇಲ್ಲ. ನನ್ನ ಪ್ರಕಾರ ದೊಡ್ಡ ಕೊರತೆ ಅದೇ: ಪರೀಕ್ಷೆಯಲ್ಲಿ ಇಲ್ಲದ್ದನ್ನು ತರಗತಿಯಲ್ಲಿ ಯಾರು ಕಲಿಸ್ತಾರೆ?

ಈಗ ಐಇಎಲ್‌ಟಿಎಸ್. ಮೊದಲು ಅದರಲ್ಲಿ 9ಕ್ಕೆ 4.0 ಬಂದಿದ್ದರೂ ಹನ್ನೆರಡನೇ ತರಗತಿ ಪಾಸಾಗುವ ಲೆಕ್ಕಕ್ಕೆ ಇಂಗ್ಲಿಷ್‌ನಲ್ಲಿ ಹತ್ತಕ್ಕೆ ಹತ್ತು ಸಿಗ್ತಿತ್ತು. 2025ರಿಂದ ಪತ್ರಿಕೆ ಬರೆಯೋದರಿಂದ ವಿನಾಯಿತಿ ಉಂಟು, ಪುಕ್ಕಟೆ ಹತ್ತು ಇಲ್ಲ. ನೂಕುನುಗ್ಗಲು ವಿಶ್ವವಿದ್ಯಾಲಯದ ಪ್ರವೇಶಕ್ಕೆ. ಅಲ್ಲಿ ಪ್ರಮಾಣಪತ್ರವನ್ನು ಅಂಕವಾಗಿ ಪರಿವರ್ತಿಸುವ ಪಟ್ಟಿ ಒಂದೊಂದು ಕಡೆ ಒಂದೊಂದು ಥರ.

ಎಡವೋದು ಇಲ್ಲೇ. ವಿನಾಯಿತಿ ನೆಚ್ಚಿಕೊಂಡು ಪತ್ರಿಕೆ ಬಿಟ್ಟವರಿಗೆ, ಪ್ರವೇಶಕ್ಕೆ ಲೆಕ್ಕ ಹಿಡಿಯುವ ಡಿ01 ವಿಷಯ ಗುಂಪಿನಲ್ಲಿ (ಗಣಿತ, ಸಾಹಿತ್ಯ, ಇಂಗ್ಲಿಷ್) ಪರಿವರ್ತನೆ ಒಪ್ಪದ ಕಡೆ ಇಂಗ್ಲಿಷ್ ಅಂಕವೇ ಇರೋದಿಲ್ಲ. ಸೇರಬೇಕಾದ ವಿಶ್ವವಿದ್ಯಾಲಯದ ಪರಿವರ್ತನೆ ಪಟ್ಟಿ ಮೊದಲು ನೋಡಿ, ಆಮೇಲೆ ವಿಷಯ ಆರಿಸಿ. ಪರೀಕ್ಷೆಯ ದಿನಕ್ಕೆ ಪ್ರಮಾಣಪತ್ರದ ಅವಧಿ ಮುಗಿದಿರಬಾರದು.